ರಜೆಯಕ್ಕ ಬಂದರೆ ರೈತ ಮಲಗಬಹುದು

ಬೆಳಕು ಇನ್ನೂ ಕಣ್ಣು ಬಿಟ್ಟಿಲ್ಲ. ತಗಡು ಹೊದಿಸಿದ ಉದ್ದನೆಯ ಕೊಟ್ಟಿಗೆಯಲ್ಲಿ ಎರಡು ಬಲ್ಬುಗಳು ಮಂಜಿನೊಳಗೆ ಮಂಕಾಗಿ ಉರಿಯುತ್ತಿವೆ. ಕಾಲಿಗೆ ರಬ್ಬರಿನ ಬೂಟು, ಮೊಣಕೈವರೆಗೆ ಮಡಿಸಿದ ತೋಳು, ತಲೆಗೆ ಬಿಗಿದ ಬಟ್ಟೆ. ಐವತ್ತು ದಾಟಿದ ಹೆಂಗಸೊಬ್ಬಳು ಸಾಲಾಗಿ ನಿಂತ ಹಸುಗಳ ಹಿಂದೆ ನಿಧಾನವಾಗಿ ನಡೆದು ಹೋಗುತ್ತಿದ್ದಾಳೆ. ಯಾವುದನ್ನೂ ಮುಟ್ಟುವುದಿಲ್ಲ, ಬರೀ ಮಾತಾಡಿಸುತ್ತಾಳೆ. "ಏನಮ್ಮಾ, ಚೆನ್ನಾಗಿದ್ದೀಯಾ? ನೀನ್ಯಾಕೇ ಮುಖ ಊದಿಸ್ಕೊಂಡಿದ್ದೀಯಾ? ಹೊಸಬಳು ಕಣೇ ನಾನು, ಎರಡು ದಿನ ಹೊಂದ್ಕೊಂಡು ಹೋಗು." ಕೊನೆಯ ಹಸುವಿನ ತನಕ ಹೋಗಿ, ಅದೇ ದಾರಿಯಲ್ಲಿ ವಾಪಸು ಬಂದ ಮೇಲೆಯೇ ಬಕೆಟ್ಟಿಗೆ ಕೈ ಹಾಕುತ್ತಾಳೆ.

ಈ ಹಸುಗಳು ಆಕೆಯವಲ್ಲ, ಕೊಟ್ಟಿಗೆಯೂ ಆಕೆಯದಲ್ಲ. ನಾಳೆ ಸಂಜೆ ಹಾಲಿನ ವ್ಯಾನು ಹೋದ ಮೇಲೆ ಆಕೆಯೂ ಹೊರಟುಬಿಡುತ್ತಾಳೆ. ಹೈನುಗಾರಿಕೆ ಮಾಡುವ ರೈತರ ಮನೆಗೆ ಹೋಗಿ, ಅವರ ಬದಲು ಹಾಲು ಕರೆದು, ಸಗಣಿ ಬಾಚಿ, ಮೇವು ಹಾಕಿ, ಒಂದು ದಿನವೋ ಎರಡು ದಿನವೋ ಅವರನ್ನು ಕೊಟ್ಟಿಗೆಯಿಂದ ಬಿಡಿಸಿ ಕಳಿಸುವುದು ಆಕೆಯ ಕೆಲಸ. ಸುತ್ತಲಿನವರು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಎಲ್ಲರ ಬಾಯಲ್ಲೂ ಆಕೆ 'ರಜೆಯಕ್ಕ'. ಗೇಲಿಗೆಂದು ಇಟ್ಟ ಹೆಸರು. ಹಾಗೇ ಉಳಿದುಕೊಂಡಿತು, ಗೇಲಿ ಮಾತ್ರ ಉದುರಿಹೋಯಿತು.

ಇವತ್ತಿನ ಮನೆ ಸುಲಭದ್ದಲ್ಲ. ಮನೆಯ ಯಜಮಾನ ಕೊಟ್ಟಿಗೆಯ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದಾನೆ. ನಲವತ್ತರ ಆಸುಪಾಸಿನ ಗಟ್ಟಿ ಆಳು, ಆದರೆ ಕಣ್ಣ ಕೆಳಗೆ ಮಸಿ ಬಳಿದಂತಿದೆ.

"ಆ ಕಂದು ಹಸು ಬಲಗಡೆಯಿಂದ ಹೋದ್ರೆ ಒದೆಯುತ್ತೆ."

"ನಿಮ್ಮ ಮನೆಯವರು ನಿನ್ನೇನೇ ಹೇಳಿದ್ರು."

"ಹಿಂಡಿ ನೆನೆಹಾಕಿದ್ದು..."

"ನೋಡಿದೆ."

"ಮೂಲೇಲಿರೋ ಆ ಕಡಸಿಗೆ ದಿನ ತುಂಬಿದೆ. ಚೊಚ್ಚಲು ಬೇರೆ. ಯಾವ ಗಳಿಗೇಲಿ ಬೇಕಾದ್ರೂ ಕರು ಹಾಕಬಹುದು. ಅದಕ್ಕೇ ಹೇಳಿದ್ದು ನಾನು, ಈ ವಾರ ರಜೆಗಿಜೆ ಆಗೋ ಮಾತಲ್ಲ ಅಂತ."

ರಜೆಯಕ್ಕ ಸೊಂಟ ನೆಟ್ಟಗೆ ಮಾಡಿ ಎದ್ದು ನಿಲ್ಲುತ್ತಾಳೆ. "ಯಜಮಾನ್ರೇ, ನೀವು ಅಲ್ಲಿ ನಿಂತಿರೋ ತನಕ ಹಸು ನಿಮ್ಮ ಮುಖ ನೋಡುತ್ತೆ, ಹಾಲು ಇಳಿಸಲ್ಲ. ಒಳಗೆ ಹೋಗಿ ಮಲಕ್ಕೊಳ್ಳಿ. ಬೇಕಾದ್ರೆ ಎಬ್ಬಿಸ್ತೀನಿ."

"ಖಂಡಿತ?"

"ಬೇಕಾದ್ರೆ ಖಂಡಿತ."

ಆತ ಹೋಗುತ್ತಾನೆ. ಹೋದಷ್ಟೇ ಬೇಗ ಬರುತ್ತಾನೆ, ಹಗ್ಗ ಮರೆತೆನೆಂದು. ಮತ್ತೆ ಬರುತ್ತಾನೆ, ನೀರಿನ ಮೋಟರು ನೋಡಬೇಕೆಂದು. ಮೂರನೆಯ ಸಲ ನೆಪವೂ ಸಿಗದೆ ಸುಮ್ಮನೆ ಬಂದು ನಿಲ್ಲುತ್ತಾನೆ. ಮರಿ ಹಾಕಿದ ಬೆಕ್ಕು ಮರಿಗಳನ್ನು ಬಿಟ್ಟು ಕದಲುವುದಿಲ್ಲ. ಈತ ಹಸುಗಳ ವಿಷಯದಲ್ಲಿ ಆ ಬೆಕ್ಕೇ. ಕೊನೆಗೆ ಹೆಂಡತಿ ಬಂದು ತೋಳು ಹಿಡಿದು ಕರೆದುಕೊಂಡು ಹೋಗುತ್ತಾಳೆ.

ಬೆಳಗಿನ ಹಾಲು ವ್ಯಾನಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ಚಹಾ. ಮೇಜಿನ ಮೇಲೆ ಮಕ್ಕಳ ಶಾಲೆಯ ಪುಸ್ತಕ, ಒರೆಸದ ಒಂದು ತಟ್ಟೆ. ಮನೆಯಾಕೆ ದನಿ ತಗ್ಗಿಸಿ ಹೇಳುತ್ತಾಳೆ. ಹೋದ ವಾರ ಗಂಡ ಟ್ರ್ಯಾಕ್ಟರ್ ಓಡಿಸುತ್ತಲೇ ನಿದ್ದೆ ಹೋಗಿದ್ದ. ಗಾಡಿ ಬೇಲಿ ಮುರಿದುಕೊಂಡು ಹೋಗಿ ಹಳ್ಳದ ಅಂಚಿನಲ್ಲಿ ನಿಂತಿತು. "ಬ್ರೇಕ್ ಸರಿ ಇಲ್ಲ ಅಂದ್ರು ನನ್ನ ಹತ್ರ. ಮೆಕ್ಯಾನಿಕ್ ಬಂದು ನೋಡಿ, ಬ್ರೇಕು ಸರಿಯಾಗೇ ಇದೆಯಲ್ಲಮ್ಮ ಅಂದ. ಆಗ ನನ್ನ ಜೀವ ಝಲ್ ಅಂತು. ಮಗಳು ಏನಾದ್ರೂ ತೋರಿಸೋಕೆ ಹೋದ್ರೆ 'ಆಮೇಲೆ, ಆಮೇಲೆ' ಅಂತಾರೆ. ಈಗ ಅವಳು ತೋರಿಸೋದೇ ಬಿಟ್ಟಿದ್ದಾಳೆ." ಆ ದಿನ ಸಂಜೆಯೇ ಆಕೆ ಗಂಡನಿಗೆ ಹೇಳದೆ ರಜೆಯಕ್ಕನಿಗೆ ಫೋನು ಮಾಡಿದ್ದಳು.

ರಜೆಯಕ್ಕ ಚಹಾ ಊದಿ ಕುಡಿಯುತ್ತಾಳೆ. ಸಮಾಧಾನ ಹೇಳುವುದಿಲ್ಲ. "ಬೇಲಿ ಮುರೀತು, ಅಷ್ಟೇ ತಾನೆ? ಸರಿಯಾದ ಹೊತ್ತಿಗೆ ಮುರಿದಿದೆ ಬಿಡಿ" ಎನ್ನುತ್ತಾಳೆ.

ಆಕೆಗೆ ಇದು ಪುಸ್ತಕದಿಂದ ಬಂದ ಅರಿವಲ್ಲ. ಒಂದು ಕಾಲಕ್ಕೆ ಆಕೆಯ ಸ್ವಂತ ಕೊಟ್ಟಿಗೆಯಲ್ಲೇ ಹದಿನಾಲ್ಕು ಹಸುಗಳಿದ್ದವು. ಗಂಡ ಹೊಲ ನೋಡಿಕೊಂಡರೆ ಕೊಟ್ಟಿಗೆ ಪೂರ್ತಿ ಆಕೆಯದು. ಜ್ವರವಿರಲಿ, ಮಳೆ ಹೊಡೆಯಲಿ, ದಿನಕ್ಕೆ ಎರಡು ಹೊತ್ತು ಹಾಲು ಕರೆಯುವುದು ತಪ್ಪಿದ್ದಿಲ್ಲ. ತಪ್ಪಿದ್ದಿಲ್ಲ ಎನ್ನುವುದೇ ದೊಡ್ಡ ಹೆಮ್ಮೆ. ತಂಗಿ ಊರಿಗೆ ಕರೆದು ಕರೆದು ಸುಸ್ತಾದಳು. "ಬರೋಕಾಗಲ್ಲ ಕಣೇ, ಹಸುವಿನ ಕೆಚ್ಚಲಿಗೆ ಭಾನುವಾರ ಗೊತ್ತಾ?" ಎಂದು ನಗುತ್ತಿದ್ದಳು ಅಕ್ಕ. ಕೆಲವು ವರ್ಷ ಕಳೆದ ಮೇಲೆ ಆ ನಗುವೂ ನಿಂತಿತು. ಫೋನು ಬಂದರೆ ಕಟ್ ಮಾಡತೊಡಗಿದಳು.

"ಕರು ಹುಟ್ಟಿದ್ರೆ ಅವತ್ತೇ ಹೆಸರಿಡ್ತಿದ್ದೆ ನಾನು. ಆ ವರ್ಷ ಮೂರು ಕರು ಹುಟ್ಟಿದ್ವು. ಒಂದಕ್ಕೂ ಹೆಸರಿಲ್ಲ. ಇಟ್ಟಿಲ್ಲ ಅನ್ನೋದೇ ನನಗೆ ಗೊತ್ತಾಗಿರಲಿಲ್ಲ ನೋಡಿ. ಊಟ ಮಾಡ್ತಿದ್ದೆ, ಏನು ತಿಂದೆ ಅಂದ್ರೆ ನೆನಪಿಲ್ಲ. ಯಾರಾದ್ರೂ ಸತ್ರು ಅಂದ್ರೂ 'ಹೌದಾ' ಅಂತಿದ್ದೆ, ಯಾರದಾದ್ರೂ ಮದುವೆ ಅಂದ್ರೂ 'ಹೌದಾ' ಅಂತಿದ್ದೆ."

ಅಷ್ಟರಲ್ಲಿ ಹಸುಗಳ ಹಾಲು ಕಡಿಮೆಯಾಯಿತು. ದನದ ಡಾಕ್ಟ್ರಮ್ಮನನ್ನು ಕರೆಸಿದರು. ಸೂಜಿ ಚುಚ್ಚಿದ್ದಾಯಿತು, ಪುಡಿ ತಿನ್ನಿಸಿದ್ದಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಎರಡನೆಯ ಸಲ ಬಂದ ಡಾಕ್ಟ್ರಮ್ಮ ಹಸುವನ್ನು ನೋಡುವುದು ಬಿಟ್ಟು ಒಡತಿಯನ್ನೇ ನೋಡಿದರು. "ಹಸುಗಳಿಗೆ ಏನೂ ಆಗಿಲ್ಲಮ್ಮ. ನಿಮ್ಮ ಕೈ ನಡುಗ್ತಾ ಇದೆ. ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಅವಳಿಗೆ ರೇಗಿಹೋಯಿತು. ಚಹಾ ಕೂಡ ಕೊಡದೆ ಡಾಕ್ಟ್ರಮ್ಮನನ್ನು ಸಾಗಹಾಕಿದಳು.

ಅದಾದ ಕೆಲವೇ ದಿನಕ್ಕೆ ಒಂದು ಮುಂಜಾನೆ ಹಾಲು ಕರೆಯುತ್ತಿದ್ದ ಕೈ ತನ್ನಷ್ಟಕ್ಕೆ ನಿಂತಿತು. ಬಕೆಟ್ಟು ಅರ್ಧ ತುಂಬಿತ್ತು. ಹಸು ತಿರುಗಿ ನೋಡಿತು. ಎದ್ದೇಳಬೇಕು ಎಂದುಕೊಂಡಳು, ಕಾಲು ಕೇಳಲಿಲ್ಲ. ಅಳಬೇಕು ಎಂದುಕೊಂಡಳು, ಅಳುವೂ ಬರಲಿಲ್ಲ. ಉಳಿದ ಹಸುಗಳು ಒಂದೊಂದಾಗಿ ಕೂಗತೊಡಗಿದವು. ಆ ಕೂಗು ಕೇಳಿ ಬೇಲಿ ಹಾರಿ ಬಂದವನು ಪಕ್ಕದ ಹೊಲದ ಮುದುಕ, ಎಲ್ಲರ ಬಾಯಲ್ಲಿ 'ಮೀಸೆ ಮಾವ'. ಗಡಿಯ ವಿಷಯಕ್ಕೆ ಎರಡು ಮನೆಗೂ ಮಾತು ಬಿಟ್ಟು ಕಾಲವಾಗಿತ್ತು. ಆತ ಏನನ್ನೂ ಕೇಳಲಿಲ್ಲ. ಅವಳನ್ನು ಎಬ್ಬಿಸಿ ಗಂಡನ ಕೈಗೆ ಕೊಟ್ಟು, ಅವಳು ಕೂತಿದ್ದ ಮಣೆಯ ಮೇಲೆ ಕೂತು ಉಳಿದ ಹಾಲು ಕರೆದ. ಸಂಜೆಯೂ ಬಂದ. ಮಾರನೆಯ ದಿನವೂ ಬಂದ. ಅವಳು ಹಾಸಿಗೆ ಬಿಟ್ಟು ಏಳುವ ತನಕ, ತನ್ನ ಹಸುಗಳ ಕೆಲಸ ಮುಗಿಸಿ ಇಲ್ಲಿಗೂ ಬರುತ್ತಲೇ ಇದ್ದ.

"ಮಾತು ಬಿಟ್ಟ ಮನುಷ್ಯ ಕಣ್ರೀ! ನನ್ನ ಅಕ್ಕತಂಗೀರು, ಅಣ್ಣತಮ್ಮಂದಿರು ಎಲ್ಲ ಫೋನಲ್ಲಿ 'ರೆಸ್ಟ್ ತಗೋ, ರೆಸ್ಟ್ ತಗೋ' ಅಂದ್ರು. ಹಸು ಕರೆಯೋರು ಯಾರು ಅಂತ ಒಬ್ರೂ ಹೇಳಲಿಲ್ಲ. ಈ ಮಾವ ಒಂದು ಮಾತೂ ಆಡದೆ ಬಕೆಟ್ ಹಿಡಿದ. ರೆಸ್ಟು ಅಂದ್ರೆ ಅದು."

ಹಸುಗಳನ್ನು ನಾಲ್ಕಕ್ಕೆ ಇಳಿಸಬೇಕೆಂದು ಗಂಡ ಹೇಳಿದಾಗ ಮೊದಲು ಆಗದೆಂದಳು, ಕೊನೆಗೆ ಒಪ್ಪಿದಳು. ಋಣ ತೀರಿಸುವ ಸರದಿ ಬಂದದ್ದು ಆಮೇಲೆ. ಮೀಸೆ ಮಾವನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗಬೇಕಿತ್ತು. ಹಸುಗಳನ್ನು ಯಾರು ನೋಡುತ್ತಾರೆಂದು ಆತ ಮುಂದೂಡುತ್ತಲೇ ಬಂದಿದ್ದ. "ನಾನಿಲ್ವಾ ಮಾವ?" ಎಂದು ಇವಳು ಹೋಗಿ ನಿಂತಳು. ಆಸ್ಪತ್ರೆಯಿಂದ ಬಂದವನು ಕಣ್ಣಿನ ಪಟ್ಟಿಯೊಳಗಿಂದಲೇ ನಕ್ಕ. "ಕಣ್ಣಿಗಿಂತ ನಿದ್ದೆ ಚೆನ್ನಾಗಿ ಆಯ್ತಮ್ಮ. ಹಗಲು ಹೊತ್ತಲ್ಲೇ ಮಲಗಿದ್ದೆ, ಯಾರೂ ಬೈಲಿಲ್ಲ!" ಆ ಮಾತು ಆಕೆಯ ತಲೆಯಲ್ಲಿ ಕೂತುಬಿಟ್ಟಿತು. ಬೈಯುವವರು ಯಾರೂ ಇರಲಿಲ್ಲ. ಆದರೂ ಮುದುಕ ಇಡೀ ಆಯಸ್ಸು ಬೈಗುಳಕ್ಕೆ ಹೆದರಿದವನಂತೆ ದುಡಿದಿದ್ದ.

ಹೀಗೆ ಶುರುವಾಯಿತು. ಮೊದಮೊದಲು ಜನ ಆಡಿಕೊಂಡರು. ರೈತನಿಗೆ ರಜೆಯಂತೆ, ಇನ್ನು ಮೋಡಕ್ಕೂ ಪಿಂಚಣಿ ಕೊಡಿ ಎಂದರು. ಅಂಗಡಿ ಕಟ್ಟೆಯ ಮೇಲೆ ಕೂತವರು "ಬಂದಳು ನೋಡು ರಜೆಯಕ್ಕ" ಎಂದು ಕೂಗುತ್ತಿದ್ದರು. ಆಕೆ ನಿಂತು ಉತ್ತರ ಕೊಡುತ್ತಿದ್ದಳು. "ಕೈ ಕೆಸರಾದ್ರೆ ಬಾಯಿ ಮೊಸರು, ಸರಿ. ಆದ್ರೆ ಆ ಕೈನ ಯಾವಾಗಾದ್ರೂ ತೊಳ್ಕೋಬೇಕಲ್ಲಪ್ಪ! ಕೆಸರು ಕೈಯಲ್ಲೇ ಮೊಸರು ತಿಂತೀಯಾ?" ಕಟ್ಟೆಯ ಮೇಲೆ ನಕ್ಕವರಲ್ಲೇ ಒಬ್ಬ, ಎರಡು ವಾರದ ಮೇಲೆ, ಯಾರಿಗೂ ಕಾಣದಂತೆ ಮನೆಗೆ ಬಂದು ಕೇಳಿದ: "ಅಕ್ಕಾ, ಒಂದೇ ಒಂದು ದಿನ ಬರ್ತೀಯಾ?"

ಈಗ ಇಪ್ಪತ್ತರ ಹತ್ತಿರ ಹತ್ತಿರ ಮನೆಗಳು ಆಕೆಯನ್ನು ಸರದಿಯ ಮೇಲೆ ಕರೆಯುತ್ತವೆ. ಕೂಲಿ ಇದೆ, ಊಟ ಇದೆ. ಜೊತೆಗೆ ಕೆಲವು ಷರತ್ತುಗಳೂ ಇವೆ. ರಜೆ ತೆಗೆದುಕೊಂಡವರು ಕೊಟ್ಟಿಗೆಯ ಕಡೆ ಬರಬಾರದು. ಊರಿಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಏನೂ ಮಾಡದೆ ಮಂಚದ ಮೇಲೆ ಬಿದ್ದಿರಲಿ, ಯಾಕೆಂದು ಆಕೆ ಕೇಳುವುದಿಲ್ಲ. ಆದರೆ ಆ ದಿನವನ್ನು ಛಾವಣಿ ರಿಪೇರಿಗೋ ಬೇಲಿ ಕಟ್ಟುವುದಕ್ಕೋ ಬಳಸಿಕೊಂಡರೆ ಮುಂದಿನ ಸಲ ಬರುವುದಿಲ್ಲ. "ಒಬ್ಬಾತ ನನ್ನ ಕರೆಸಿ ತಾನು ಬಾವಿ ಹೂಳೆತ್ತೋಕೆ ಇಳಿದ. ಬಕೆಟ್ ಅಲ್ಲೇ ಇಟ್ಟು ಬಂದ್ಬಿಟ್ಟೆ. ಗಾಣದೆತ್ತನ್ನ ಬಿಚ್ಚಿ ನೇಗಿಲಿಗೆ ಕಟ್ಟಿದ್ರೆ ಅದು ರಜೆನಾ?"

ಇಷ್ಟೆಲ್ಲ ಹೇಳುವವಳೇ ಒಮ್ಮೆ ಅದೇ ಗುಂಡಿಗೆ ಬಿದ್ದಿದ್ದಳು. ಕರೆಗಳು ಹೆಚ್ಚಾದಂತೆ ಯಾರಿಗೂ ಇಲ್ಲ ಎನ್ನಲಾಗಲಿಲ್ಲ. ವಾರದ ಏಳೂ ದಿನ ಯಾರದೋ ಕೊಟ್ಟಿಗೆ, ನಡುವೆ ತನ್ನ ನಾಲ್ಕು ಹಸು. ಒಂದು ದಿನ ಊಟಕ್ಕೆ ಕೂತವಳು ತುತ್ತು ಕೈಯಲ್ಲಿ ಹಿಡಿದುಕೊಂಡೇ ಗೋಡೆ ನೋಡುತ್ತಿದ್ದಳು. ಗಂಡ ಮಾತು ಕಡಿಮೆಯ ಮನುಷ್ಯ. ಆತ ತಟ್ಟೆಯಿಂದ ತಲೆ ಎತ್ತದೆ "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ" ಎಂದ. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯವಾಯಿತು. "ಮತ್ತೆ ಆ ಮಣೆ ಮೇಲೆ ಕೂತ ಹಾಗಾಯ್ತು ನನಗೆ. ಅವತ್ತೇ ಗಟ್ಟಿ ಮಾಡಿದೆ. ಗುರುವಾರ ನಂದು. ಆಕಾಶ ಕಳಚಿ ಬಿದ್ರೂ ಗುರುವಾರ ನಾನು ಯಾರ ಮನೆಗೂ ಹೋಗಲ್ಲ. ನನ್ನ ಹಸುಗಳನ್ನೂ ಅವತ್ತು ನಮ್ಮನೆಯವರೇ ಕರೀತಾರೆ. ಮನೆ ಗೆದ್ದು ಮಾರು ಗೆಲ್ಲು ಅಂತಾರಲ್ಲ, ಹಂಗೆ." ಇಲ್ಲ ಎನ್ನುವುದನ್ನು ಕಲಿಯುವುದು ಹಾಲು ಕರೆಯುವುದಕ್ಕಿಂತ ಕಷ್ಟವಾಯಿತಂತೆ. ಬೈದವರಿದ್ದಾರೆ, ಜಂಬ ಎಂದವರಿದ್ದಾರೆ. ಆಕೆ ಕದಲಲಿಲ್ಲ. ಬದಲಿಗೆ ಇನ್ನೂ ಮೂವರು ಹೆಂಗಸರಿಗೆ ಈ ಕೆಲಸ ಕಲಿಸಿ, ತಾನು ಬರಲಾಗದ ಮನೆಗೆ ಅವರನ್ನು ಕಳಿಸತೊಡಗಿದಳು.

ಮಧ್ಯಾಹ್ನದ ಹೊತ್ತಿಗೆ ಯಜಮಾನನ ಕೋಣೆಯಿಂದ ಗೊರಕೆ ಕೇಳುತ್ತದೆ. ಮನೆಯಾಕೆ ಬಾಗಿಲ ಸಂದಿಯಿಂದ ಇಣುಕಿ ನೋಡಿ, ಬಾಯಿಗೆ ಸೆರಗು ಹಿಡಿದು ನಗುತ್ತಾಳೆ. ಬೂಟು ಕೂಡ ಬಿಚ್ಚದೆ, ಮಂಚದ ಅಂಚಿನಲ್ಲಿ ಕೂತಲ್ಲೇ ಅಡ್ಡ ಬಿದ್ದು ಮಲಗಿದ್ದಾನೆ.

ಮೂಲೆಯ ಕಡಸು ಆ ಹೊತ್ತನ್ನೇ ಆರಿಸಿಕೊಳ್ಳುತ್ತದೆ. ಮಲಗುತ್ತದೆ, ಏಳುತ್ತದೆ, ಬಾಲ ಎತ್ತುತ್ತದೆ, ತನ್ನ ಹೊಟ್ಟೆಯನ್ನು ತಾನೇ ತಿರುಗಿ ನೋಡುತ್ತದೆ. ನೀರಿನ ಚೀಲ ಒಡೆದು ಬಹಳ ಹೊತ್ತಾದರೂ ಹೊರಗೆ ಕಾಣುವುದು ಒಂದೇ ಗೊರಸು. ರಜೆಯಕ್ಕ ಕೈ ತೊಳೆದು, ಸೋಪು ಹಚ್ಚಿ, ಒಳಗೆ ತಡಕಿ ನೋಡುತ್ತಾಳೆ. ತಲೆ ಸರಿಯಾಗಿದೆ; ಇನ್ನೊಂದು ಮುಂಗಾಲು ಮೊಣಕಾಲಲ್ಲಿ ಮಡಿಸಿಕೊಂಡು ಹಿಂದೆ ಉಳಿದಿದೆ. ಡಾಕ್ಟ್ರಮ್ಮನಿಗೆ ಫೋನು ಹೋಗುತ್ತದೆ. ಬರುವುದಕ್ಕೆ ಒಂದು ಗಂಟೆಯಾದರೂ ಬೇಕು.

ಮನೆಯಾಕೆಯ ಮುಖ ಬಿಳಿಚಿಕೊಂಡಿದೆ. "ಅಕ್ಕಾ, ಎಬ್ಬಿಸ್ತೀನಿ ಅವರನ್ನ. ಏನಾದ್ರೂ ಹೆಚ್ಚುಕಡಿಮೆ ಆದ್ರೆ ಜನ್ಮಪೂರ್ತಿ ನನ್ನನ್ನ ಅಂತಾರೆ."

"ಅವರು ಬಂದು ಏನು ಮಾಡ್ತಾರೆ ಹೇಳಿ?"

"ಅವರಿಗೆ ಗೊತ್ತಾಗುತ್ತೆ..."

"ಕಾಲು ನೆಟ್ಟಗೆ ಮಾಡ್ಬೇಕು, ಅಷ್ಟೇ. ಅದು ನನಗೂ ಗೊತ್ತು."

ಹೇಳುವಾಗ ದನಿ ಗಟ್ಟಿಯಾಗಿದೆ, ಆದರೆ ಒಳಗೆ ಅಳುಕಿಲ್ಲದೆ ಇಲ್ಲ. ಬೇರೆಯವರ ಹಸು, ಬೇರೆಯವರ ಕರು. ಕೈಗೆ ಮತ್ತೆ ಸೋಪು ಹಚ್ಚುತ್ತಾಳೆ. ಆಮೇಲೆ ಹೇಳುತ್ತಾಳೆ, "ಇನ್ನೊಂದು ಸಲ ಕೈ ಹಾಕ್ತೀನಿ. ಗೊರಸು ಸಿಗಲಿಲ್ಲ ಅಂದ್ರೆ ಓಡಿ ಹೋಗಿ ಎಬ್ಬಿಸಿ. ನಾನೇ ಹೇಳ್ತಾ ಇದ್ದೀನಿ, ಆಗ ಯೋಚನೆ ಮಾಡ್ಬೇಡಿ."

ಕಡಸು ತಿಣುಕುವುದು ನಿಂತ ಗಳಿಗೆ ನೋಡಿ ಕರುವನ್ನು ಮೆಲ್ಲಗೆ ಹಿಂದಕ್ಕೆ ನೂಕುತ್ತಾಳೆ. ಭುಜದ ತನಕ ಕೈ ಒಳಗಿದೆ, ಕೆನ್ನೆ ಕಡಸಿನ ತೊಡೆಗೆ ಒತ್ತಿದೆ. ಕಡಸು ಮತ್ತೆ ತಿಣುಕಿದಾಗ ಹಲ್ಲು ಕಚ್ಚಿ ಹಾಗೇ ಇರುತ್ತಾಳೆ, ಕೈ ಮುರಿಯುವಷ್ಟು ಒತ್ತಡ. "ತಡೆಯಮ್ಮಾ, ತಡಿ, ಅವಸರ ಮಾಡ್ಬೇಡ." ಮನೆಯಾಕೆ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟೇ ನಿಂತಿದ್ದಾಳೆ. ಅಷ್ಟರಲ್ಲಿ ರಜೆಯಕ್ಕನ ಮುಖ ಸಡಿಲವಾಗುತ್ತದೆ. ಒಳಗಿನ ಪೊರೆಗೆ ಗಾಯವಾಗದಂತೆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಮುಂದಕ್ಕೆ ತರುತ್ತಾಳೆ. "ಸಿಕ್ತು."

ಆಮೇಲಿನದು ಇಬ್ಬರು ಹೆಂಗಸರ ಕೆಲಸ. ಎರಡೂ ಕಾಲಿಗೆ ಹಗ್ಗದ ಕುಣಿಕೆ, ತಿಣುಕಿದಾಗ ಎಳೆತ, ನಿಂತಾಗ ಬಿಡುವು. ಕರು ಜಾರಿ ಹುಲ್ಲಿನ ಮೇಲೆ ಬಿದ್ದಾಗ ಉಸಿರಿಲ್ಲದಂತೆ ಕಾಣುತ್ತದೆ. ಮೂಗು ಬಾಯಿ ಒರೆಸಿ, ಒಣಹುಲ್ಲಿನಿಂದ ಪಕ್ಕೆ ತಿಕ್ಕಿ, ಮೂಗಿನೊಳಗೆ ಒಂದು ಹುಲ್ಲಿನ ಕಡ್ಡಿ ಆಡಿಸುತ್ತಾಳೆ. ಕರು ಸೀನುತ್ತದೆ. ಮನೆಯಾಕೆ ಅಲ್ಲೇ ಕುಸಿದು ಕೂತು ಅಳುತ್ತಾಳೆ. ರಜೆಯಕ್ಕ ಅಳುವುದಕ್ಕೆ ಬಿಟ್ಟು, ಬಿಸಿನೀರು ತರಲು ತಾನೇ ಎದ್ದು ಹೋಗುತ್ತಾಳೆ.

ಡಾಕ್ಟ್ರಮ್ಮ ಬಂದು, ತಾಯಿಯನ್ನೂ ಕರುವನ್ನೂ ನೋಡಿ, ಎಲ್ಲ ಸರಿಯಾಗಿದೆ ಎಂದು ಹೊರಟ ಮೇಲೂ ಯಜಮಾನ ಮಲಗೇ ಇದ್ದಾನೆ. ಹೊತ್ತು ಇಳಿಯುವಾಗ ಎಚ್ಚರವಾಗಿ, ಕಿಟಕಿಯ ಬೆಳಕು ನೋಡಿ ಗಾಬರಿಯಾಗಿ ಓಡಿ ಬರುತ್ತಾನೆ. ಕಡಸು ತನ್ನ ಕರುವನ್ನು ನೆಕ್ಕುತ್ತಿದೆ. ಕರು ನಾಲ್ಕು ಕಾಲ ಮೇಲೆ ಅಲುಗಾಡುತ್ತ ನಿಂತು ಕೆಚ್ಚಲು ಹುಡುಕುತ್ತಿದೆ.

"ನನ್ನನ್ನ ಯಾಕೆ ಎಬ್ಬಿಸಲಿಲ್ಲ?" ಕೊಟ್ಟಿಗೆ ನಡುಗುವ ಹಾಗೆ ಕೇಳುತ್ತಾನೆ. "ಹೇಳಿರಲಿಲ್ವಾ ನಾನು? ಮಾತು ಕೊಟ್ಟಿರಲಿಲ್ವಾ ನೀವು?"

"ಬೇಕಾದ್ರೆ ಎಬ್ಬಿಸ್ತೀನಿ ಅಂದಿದ್ದೆ." ರಜೆಯಕ್ಕ ಹಾಲಿನ ಕ್ಯಾನು ತೊಳೆಯುತ್ತಲೇ ಹೇಳುತ್ತಾಳೆ. "ಬೇಕಾಗಲಿಲ್ಲ."

ಮಾತು ಯಜಮಾನನ ಎದೆಗೆ ನೇರ ತಾಗುತ್ತದೆ. ತಾನಿಲ್ಲದೆ ಒಂದು ಕರು ಈ ಕೊಟ್ಟಿಗೆಯಲ್ಲಿ ಹುಟ್ಟಬಹುದೆಂದು ಆತ ಎಣಿಸಿಯೇ ಇರಲಿಲ್ಲ. ಮೊದಲು ಅವಮಾನವಾದವನಂತೆ ಕಾಣುತ್ತಾನೆ. ಹೆಂಡತಿಯನ್ನು ನೋಡುತ್ತಾನೆ, ಅವಳ ಮೊಣಕೈಗೆ ಅಂಟಿದ ರಕ್ತ ನೋಡುತ್ತಾನೆ. ಆಮೇಲೆ ಗೋದಲಿಯ ಕಟ್ಟೆಯ ಮೇಲೆ ಮೆಲ್ಲಗೆ ಕೂರುತ್ತಾನೆ. ಭುಜ ಎರಡೂ ಕೆಳಗಿಳಿಯುತ್ತವೆ.

"ನೀನು ಎಳೆದೆಯಾ?" ಎಂದು ಹೆಂಡತಿಯನ್ನು ಕೇಳುತ್ತಾನೆ.

"ಹೂಂ. ನಾನೇ ಎಳೆದೆ."

"ಟ್ರ್ಯಾಕ್ಟರ್ ಬ್ರೇಕು ಸರಿಯಾಗೇ ಇತ್ತು ಕಣೇ," ಎನ್ನುತ್ತಾನೆ ಆತ.

"ಗೊತ್ತು ರೀ."

ರಜೆಯಕ್ಕ ಕ್ಯಾನು ಎತ್ತಿಕೊಂಡು ಹೊರಗೆ ಹೋಗಿಬಿಡುತ್ತಾಳೆ. ಗಂಡ ಹೆಂಡಿರ ಮಾತಿಗೆ ಕಿವಿ ಕೊಡುವುದು ಆಕೆಯ ಕೆಲಸದಲ್ಲಿ ಸೇರಿಲ್ಲ. ಆಮೇಲೆ ಹೊರಗೆ ಬಂದ ಯಜಮಾನ ಅಂಗಳದಲ್ಲಿ ನಿಂತು ಕೇಳುತ್ತಾನೆ, "ಅಕ್ಕಾ, ನಾಳೆ ಮಕ್ಕಳನ್ನ ಕೆರೆ ಕಡೆ ಕರ್ಕೊಂಡು ಹೋಗೋಣ ಅಂತ. ಬೆಳಿಗ್ಗೆ ಹೋದ್ರೆ ಬರೋದು ಸಂಜೆ ಆಗುತ್ತೆ. ಆಗಬಹುದಾ?"

"ನನ್ನ ಕೇಳ್ಬೇಡಿ, ಮಗಳನ್ನ ಕೇಳಿ" ಎನ್ನುತ್ತಾಳೆ ರಜೆಯಕ್ಕ. "ಆಮೇಲೆ, ತಿಂಗಳಿಗೊಂದು ದಿನ ಈಗಲೇ ಗುರುತು ಹಾಕಿ ಹೇಳಿ. ಬಿದ್ದ ಮೇಲೆ ಎತ್ತೋಕೆ ನಾನು ಬರಲ್ಲ. ಬೀಳೋಕೆ ಮುಂಚೆನೇ ಕರೀರಿ."

ಸಂಜೆಯ ಹಾಲು ಕರೆದು, ನೆಲಕ್ಕೆ ನೀರು ಹೊಡೆದು, ಬೂಟು ತೊಳೆದಿಟ್ಟು ಆಕೆ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಾಳೆ. ಬಲಗೈ ಭುಜದ ತನಕ ಊದಿಕೊಂಡಿದೆ, ಎಡಗೈಯಿಂದ ನೀವಿಕೊಳ್ಳುತ್ತಾಳೆ. ಮುಂದೆ ಏನು ಆಸೆ ಎಂದು ಕೇಳಿದರೆ, ಪ್ರತಿ ಊರಿಗೂ ತನ್ನಂಥವರು ಒಬ್ಬರಾದರೂ ಇರಬೇಕು ಎನ್ನುತ್ತಾಳೆ. ಕೈ ವಾಸಿಯಾದ ಮೇಲೆ ತಂಗಿಯ ಮನೆಯಲ್ಲಿ ಒಂದು ವಾರ ಇದ್ದು ಬರಬೇಕು ಎನ್ನುತ್ತಾಳೆ. ಆಮೇಲೆ ತನ್ನಷ್ಟಕ್ಕೆ ನಗುತ್ತಾಳೆ.

"ನಮ್ಮ ಕಡೆ ಯಾರಾದ್ರೂ ರೈತ ಸತ್ರೆ ಎಲ್ರೂ ಒಂದು ಮಾತು ಹೇಳ್ತಾರೆ. 'ಪಾಪ, ಒಂದು ದಿನ ಸುಮ್ನೆ ಕೂತೋನಲ್ಲ' ಅಂತ. ಅದನ್ನೇ ದೊಡ್ಡ ಹೊಗಳಿಕೆ ಅನ್ನೋ ಥರ. ನನ್ನ ವಿಷಯದಲ್ಲಿ ಮಾತ್ರ ಯಾರೂ ಹಂಗನ್ನಬಾರದು. 'ಚೆನ್ನಾಗಿ ನಿದ್ದೆ ಮಾಡ್ತಿದ್ಲು, ಅವಳು ಮುಟ್ಟಿದ ಹಸುಗಳೂ ಚೆನ್ನಾಗಿದ್ವು' ಅನ್ಲಿ. ಅಷ್ಟು ಸಾಕು ನನಗೆ."